ಮುಗ್ಧೆ, ಪ್ರಗಲ್ಭೆ, ಸಾಮಾನ್ಯೆ: ಪಾಶ್ಚಾತ್ಯ ಜನಪ್ರಿಯ ಗಾಯಕಿಯರ ರೂಪಾಂತರವನ್ನು ಕುರಿತ ವಿಚಾರ

೧

ಪಾಶ್ಚಾತ್ಯ ದೇಶಗಳಲ್ಲಿ ‘ಪಾಪ್’ ಎಂದು ಹೆಸರಾದ ಜನಪ್ರಿಯ ಸಂಗೀತದಲ್ಲಿ ಒಂದು ವೃತ್ತಾಂತವು ಹಲವು ದಶಕಗಳಿಂದ ಮತ್ತೆ ಮತ್ತೆ ನಡೆದುಬಂದಿದೆ. ನಿರ್ಮಲವಾದ ಮುಖ, ಸಭ್ಯವಾದ ಉಡುಪು, ಮನೆಮಂದಿಯೆಲ್ಲ ಕುಳಿತು ಕೇಳಬಹುದಾದ ಹಾಡು, ಇವುಗಳಿಂದ ಕೀರ್ತಿಗೆ ಬಂದ ತರುಣಿಯೊಬ್ಬಳು ಕೆಲವು ವರ್ಷಗಳು ಕಳೆದ ಬಳಿಕ ಉದ್ದೀಪಕವಾದ ವೇಷ, ನೃತ್ಯ, ಮಾತುಗಳೊಡನೆ ರಂಗಕ್ಕೆ ಬರುವಳು. ಒಂದು ಪಕ್ಷದವರು ಇದನ್ನು ಪತನವೆನ್ನುವರು. ಇನ್ನೊಂದು ಪಕ್ಷದವರು ವಿಮೋಚನೆಯೆನ್ನುವರು. ಮೂರನೆಯವರು ಇದೆಲ್ಲ ಬರಿಯ ವ್ಯಾಪಾರವೆಂದು ಹೇಳಿ ಸುಮ್ಮನಾಗುವರು. ಈ ಮೂರು ತೀರ್ಪುಗಳೂ ವಿಷಯದ ಒಂದೊಂದು ಅಂಶವನ್ನು ಮಾತ್ರ ಹಿಡಿದಿವೆಯೆಂದೂ, ನಮ್ಮ ಆಲಂಕಾರಿಕರು ನಡೆಸಿರುವ ನಾಯಿಕಾಭೇದ ವಿಚಾರವು ಇಲ್ಲಿ ನಮಗೆ ಹೆಚ್ಚಿನ ಬೆಳಕನ್ನು ಕೊಡಬಲ್ಲುದೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಶಾಸನ, ಛಂದಸ್ಸು, ಕವಿಕಾಲನಿರ್ಣಯ ಮೊದಲಾದ ವಿಷಯಗಳಿಗೆ ಮೀಸಲಾದ ಪುಟಗಳಲ್ಲಿ ಸಂತೆಯ ಹಾಡಿಗೆ ಏನು ಕೆಲಸವೆಂದು ವಾಚಕರಲ್ಲಿ ಕೆಲವರು ಆಕ್ಷೇಪಿಸಬಹುದು. ಅದಕ್ಕೆ ಸಮಾಧಾನವಿಷ್ಟೆ. ನಾಯಿಕಾಭೇದವೆಂಬ ಪ್ರಕರಣವನ್ನು ನಾವು ತರಗತಿಯಲ್ಲಿ ಹೆಸರುಗಳ ಪಟ್ಟಿಯಾಗಿ ಒಪ್ಪಿಸುತ್ತೇವೆ. ವಿದ್ಯಾರ್ಥಿಗಳು ಅದನ್ನು ಪರೀಕ್ಷೆಯವರೆಗೆ ನೆನಪಿಟ್ಟು ಆಮೇಲೆ ಮರೆಯುತ್ತಾರೆ. ಆ ವಿದ್ಯಾರ್ಥಿಗಳ ಕಿವಿಗೆ ದಿನವೂ ಬೀಳುವ ಹಾಡಿನಲ್ಲಿಯೇ ಆ ಲಕ್ಷಣಗಳು ಜೀವಂತವಾಗಿ ತೋರುವುದಾದರೆ, ಶಾಸ್ತ್ರಕ್ಕೂ ಲಾಭ, ಹಾಡಿನ ವಿಚಾರಕ್ಕೂ ಲಾಭ.

೨

ನಾಯಿಕೆಯನ್ನು ಲಾಕ್ಷಣಿಕರು ಎರಡು ಬೇರೆ ಬೇರೆ ದೃಷ್ಟಿಗಳಿಂದ ವಿಂಗಡಿಸಿರುವರು. ಭಾನುದತ್ತನ ರಸಮಂಜರಿಯಲ್ಲಿ ಸ್ವೀಯೆ, ಪರಕೀಯೆ, ಸಾಮಾನ್ಯೆ ಎಂಬುದು ಮೊದಲನೆಯ ವಿಭಾಗ. ಧನಂಜಯನ ದಶರೂಪಕದಲ್ಲಿ ಹೆಸರುಗಳು ಸ್ವಲ್ಪ ಬೇರೆಯಾದರೂ ತತ್ತ್ವವು ಒಂದೇ. ಇದು ಸಂಬಂಧವನ್ನು ನೋಡಿ ಮಾಡಿದ ವಿಭಾಗ: ಆಕೆಯು ಯಾರವಳು ಎಂಬುದೇ ಇಲ್ಲಿಯ ಪ್ರಶ್ನೆ. ಸ್ವೀಯೆಯನ್ನು ಮತ್ತೆ ಮುಗ್ಧೆ, ಮಧ್ಯೆ, ಪ್ರಗಲ್ಭೆ ಎಂದು ಮೂರಾಗಿ ಒಡೆಯುವುದು ಎರಡನೆಯ ವಿಭಾಗ. ಇದು ವಯಸ್ಸನ್ನೂ ಅನುಭವವನ್ನೂ ನೋಡಿ ಮಾಡಿದುದು: ಆಕೆಯು ತನ್ನನ್ನು ಎಷ್ಟು ಬಲ್ಲಳು ಎಂಬುದು ಇಲ್ಲಿಯ ಪ್ರಶ್ನೆ. ಮುಗ್ಧೆಯಲ್ಲಿ ಲಜ್ಜೆ ಮೇಲಾಗಿರುವುದು. ಮಧ್ಯೆಯಲ್ಲಿ ಲಜ್ಜೆಯೂ ಮದನನೂ ಸಮನಾಗಿ ನಿಲ್ಲುವುವು. ಪ್ರಗಲ್ಭೆಯು ಲಜ್ಜೆಯ ಅಡ್ಡಿಯನ್ನು ದಾಟಿದವಳು. ಮುಗ್ಧೆಯಲ್ಲಿಯೂ ಅಜ್ಞಾತಯೌವನೆ, ಜ್ಞಾತಯೌವನೆ ಎಂದು ಭಾನುದತ್ತನು ಭೇದವನ್ನು ಹೇಳುವನು. ಯೌವನವು ಬಂದಿದ್ದರೂ ಅದರ ಅರಿವು ಇನ್ನೂ ಇಲ್ಲದವಳು ಮೊದಲನೆಯವಳು.

ಇಲ್ಲಿ ಗಮನಿಸತಕ್ಕ ಮುಖ್ಯಾಂಶವೊಂದಿದೆ. ಮುಗ್ಧೆ, ಮಧ್ಯೆ, ಪ್ರಗಲ್ಭೆ ಮೂವರೂ ಸ್ವೀಯೆಯರೇ. ಶೀಲ, ಆರ್ಜವಗಳು ಸ್ವೀಯೆಯ ಲಕ್ಷಣವೆಂದು ಹೇಳಿದ ಧನಂಜಯನೇ ಪ್ರಗಲ್ಭೆಯನ್ನು ಆ ವರ್ಗದೊಳಗೆ ಇಟ್ಟಿರುವನು. ಆದುದರಿಂದ ಮುಗ್ಧೆಯು ಪ್ರಗಲ್ಭೆಯಾದುದರಿಂದಲೇ ಶೀಲವನ್ನು ಕಳೆದುಕೊಂಡಳೆಂದು ಹೇಳಲು ಶಾಸ್ತ್ರದಲ್ಲಿ ಆಧಾರವಿಲ್ಲ. ಅಲ್ಲದೆ ಪ್ರಾಗಲ್ಭ್ಯವೆಂಬುದು ಶೋಭೆ, ಕಾಂತಿ, ದೀಪ್ತಿ, ಮಾಧುರ್ಯ, ಔದಾರ್ಯ, ಧೈರ್ಯಗಳೊಡನೆ ಸ್ತ್ರೀಯರ ಏಳು ಅಯತ್ನಜಾಲಂಕಾರಗಳಲ್ಲಿ ಒಂದೆಂದು ಎಣಿಸಲ್ಪಟ್ಟಿದೆ. ಅಂಜಿಕೆಯಿಲ್ಲದಿರುವುದೇ ಅದರ ಲಕ್ಷಣ. ಅಯತ್ನಜವೆಂದಮೇಲೆ ಅದು ತಾನಾಗಿ ಒದಗಿ ಬರತಕ್ಕುದು, ಬೇರೆಯವರು ತೊಡಿಸತಕ್ಕುದಲ್ಲ.

ಪತನವೆನ್ನುವವರು ಎರಡು ವಿಭಾಗಗಳನ್ನು ಬೆರಸಿಬಿಡುವರು: ಪ್ರಗಲ್ಭೆಯನ್ನು ಕಂಡು ಸಾಮಾನ್ಯೆಯೆಂದು ಭ್ರಮಿಸುವರು. ವಿಮೋಚನೆಯೆನ್ನುವವರು ಪ್ರಗಲ್ಭೆಯ ವೇಷವನ್ನು ಕಂಡು ಪ್ರಾಗಲ್ಭ್ಯವೇ ಬಂದಿತೆಂದು ಒಪ್ಪಿಬಿಡುವರು. ಅಂಜಿಕೆ ನಿಜವಾಗಿ ಹೋಗಿದೆಯೇ ಎಂಬುದನ್ನು ಇಬ್ಬರೂ ಕೇಳುವುದಿಲ್ಲ. ಕೆಲವು ಪ್ರಸಿದ್ಧ ನಿದರ್ಶನಗಳಲ್ಲಿ ಈ ಪ್ರಶ್ನೆಯನ್ನು ಕೇಳಿ ನೋಡೋಣ.

೩

ಅಜ್ಞಾತಯೌವನೆಗೆ ಫ್ರೆಂಚ್ ಗಾಯಕಿ ಫ್ರಾನ್ಸ್ ಗಾಲ್‌ಗಿಂತ ಸ್ಪಷ್ಟವಾದ ಉದಾಹರಣೆ ದೊರೆಯುವುದು ಕಷ್ಟ. ೧೯೪೭ರಲ್ಲಿ ಹುಟ್ಟಿದ ಈಕೆ ೧೯೬೫ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ನೇಪಲ್ಸ್ ನಗರದಲ್ಲಿ ನಡೆದ ಯೂರೋವಿಷನ್ ಸ್ಪರ್ಧೆಯಲ್ಲಿ ಲಕ್ಸೆಂಬರ್ಗ್ ದೇಶದ ಪರವಾಗಿ ಹಾಡಿ ಗೆದ್ದಳು. ಹಾಡಿನ ಹೆಸರು ‘ಪುಪೇ ದ ಸಿರ್, ಪುಪೇ ದ ಸೋಂ’. ಕರ್ತೃ ಸೆರ್ಜ್ ಗೇನ್ಸ್‌ಬೂರ್. ಹೆಸರಿನಲ್ಲಿಯೇ ಶ್ಲೇಷವಿದೆ: ‘ಸೋಂ’ ಎಂಬ ಫ್ರೆಂಚ್ ಶಬ್ದಕ್ಕೆ ಧ್ವನಿಯೆಂಬ ಅರ್ಥವೂ ಉಂಟು, ಗೊಂಬೆಯೊಳಗೆ ತುಂಬುವ ತೌಡೆಂಬ ಅರ್ಥವೂ ಉಂಟು. ಪ್ರೇಮವನ್ನು ತಾನು ಅರಿಯದೆ ಪ್ರೇಮದ ಹಾಡು ಹಾಡುವ ಮೇಣದ ಗೊಂಬೆಯೇ ಆ ಹಾಡಿನ ವಕ್ತೃ. ಹಾಡುವವಳನ್ನು ಕವಿಯು ಏನೆಂದು ಕಂಡನೋ ಅದನ್ನು ಆಕೆಯ ಬಾಯಿಂದಲೇ ಹೇಳಿಸಿದಂತಾಯಿತು.

ಮರುವರ್ಷ ೧೯೬೬ರಲ್ಲಿ ಅದೇ ಕವಿ ಆಕೆಗೆ ‘ಲೆ ಸ್ಯುಸೆತ್’ ಎಂಬ ಹಾಡನ್ನು ಬರೆದುಕೊಟ್ಟನು. ವಾಚ್ಯಾರ್ಥದಲ್ಲಿ ಅದು ಸೋಂಪಿನ ಕಡ್ಡಿಮಿಠಾಯಿಯನ್ನು ಇಷ್ಟಪಡುವ ಹುಡುಗಿಯೊಬ್ಬಳ ಕಥೆ. ವ್ಯಂಗ್ಯಾರ್ಥವಾದರೋ ಸಂಭೋಗಕ್ಕೆ ಸಂಬಂಧಿಸಿದುದು. ದೊಡ್ಡವರಿಗೆಲ್ಲ ಅದು ತಿಳಿದಿತ್ತು, ಹಾಡಿದವಳಿಗೆ ತಿಳಿದಿರಲಿಲ್ಲ. ಅರ್ಥವು ಆಮೇಲೆ ತಿಳಿದಾಗ ತನಗೆ ವಂಚನೆಯಾಯಿತೆಂದೂ ಅಪಮಾನವಾಯಿತೆಂದೂ ಆಕೆ ಹೇಳಿಕೊಂಡಳು. ಬಳಿಕ ಆ ಹಾಡನ್ನು ಹಾಡಲು ಒಪ್ಪಲಿಲ್ಲ.

ವ್ಯಂಜನೆಗೆ ವಕ್ತೃವಿನ ವೈಶಿಷ್ಟ್ಯ, ಬೋದ್ಧವ್ಯನ ವೈಶಿಷ್ಟ್ಯ ಮೊದಲಾದುವು ಸಹಕಾರಿಗಳೆಂದು ಮಮ್ಮಟನು ಹೇಳಿರುವನು. ಇಲ್ಲಿ ವಕ್ತೃವಿನ ವೈಶಿಷ್ಟ್ಯವೆಂದರೆ ಆಕೆಯ ಅಜ್ಞಾನವೇ. ಆ ಅಜ್ಞಾನವಿಲ್ಲದಿದ್ದರೆ ಹಾಡಿನ ಚಮತ್ಕಾರವೇ ಇಲ್ಲ. ಕಾವ್ಯದೊಳಗೆ ಇದಕ್ಕೆ ದೋಷವಿಲ್ಲ. ಮುಗ್ಧೆಯ ಬಾಯಿಂದ ಅವಳರಿಯದ ಅರ್ಥವನ್ನು ಹೊರಡಿಸಿ ರಸಿಕರನ್ನು ನಗಿಸುವ ಪದ್ಯಗಳು ನಮ್ಮಲ್ಲಿಯೂ ಉಂಟು. ಆದರೆ ಕಾವ್ಯದ ಮುಗ್ಧೆಯು ಕವಿಯ ಕಲ್ಪನೆ. ಅವಳಿಗೆ ಮರುದಿನ ಬೀದಿಯಲ್ಲಿ ತಲೆಯೆತ್ತಿ ನಡೆಯಬೇಕಾದ ಅವಶ್ಯಕತೆಯಿಲ್ಲ. ಫ್ರಾನ್ಸ್ ಗಾಲ್‌ಗೆ ಆ ಅವಶ್ಯಕತೆಯಿತ್ತು. ಈ ಅಂತರವನ್ನು ಮರೆತರೆ ವಿಮರ್ಶೆಯು ನಿರ್ದಯವಾಗುವುದು.

ಆಕೆಯ ಮುಂದಿನ ಚರಿತ್ರೆಯು ಸಮಾಧಾನಕರವಾದುದು. ೧೯೭೪ರಿಂದ ಮಿಷೆಲ್ ಬೆರ್ಜೆ ಎಂಬ ಗೀತಕಾರನೊಡನೆ ಕೆಲಸಮಾಡಿ, ೧೯೭೬ರಲ್ಲಿ ಅವನನ್ನು ಮದುವೆಯಾಗಿ, ತಾನು ಅರ್ಥವನ್ನು ಬಲ್ಲ ಹಾಡುಗಳನ್ನು ಹಾಡಿ ಎರಡನೆಯ ಕೀರ್ತಿಯನ್ನು ಪಡೆದಳು. ಎಲ್ಲಾ ಫಿಟ್ಜ್‌ಜೆರಾಲ್ಡ್ ಎಂಬ ಮಹಾಗಾಯಕಿಯನ್ನು ಕುರಿತು ೧೯೮೭ರಲ್ಲಿ ಹಾಡಿದ ಗೀತವು ಪ್ರಸಿದ್ಧವಾಗಿದೆ. ಅದರಲ್ಲಿ ಉದ್ದೀಪನಕಾರಿಯಾದ ವೇಷವೇನೂ ಇಲ್ಲ; ಪ್ರಾಗಲ್ಭ್ಯವು ಮಾತ್ರ ಪೂರ್ಣವಾಗಿದೆ. ಪ್ರಾಗಲ್ಭ್ಯಕ್ಕೆ ಉಡುಪು ಅಳತೆಗೋಲಲ್ಲವೆಂಬುದಕ್ಕೆ ಈಕೆಯೇ ಸಾಕ್ಷಿ. ೨೦೧೮ರ ಜನವರಿಯಲ್ಲಿ ಆಕೆ ತೀರಿಕೊಂಡಳು.

೪

ಒಲಿವಿಯಾ ನ್ಯೂಟನ್-ಜಾನ್‌ಳ ಚರಿತ್ರೆಯು ಬೇರೊಂದು ಬಗೆಯದು. ಇಂಗ್ಲೆಂಡಿನಲ್ಲಿ ೧೯೪೮ರಲ್ಲಿ ಹುಟ್ಟಿ ಆಸ್ಟ್ರೇಲಿಯದಲ್ಲಿ ಬೆಳೆದ ಈಕೆ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನನ ಮಗಳ ಮಗಳು. ಆ ವಿಜ್ಞಾನಿಯು ಸಿ. ವಿ. ರಾಮನ್ನರ ಆಹ್ವಾನದಂತೆ ೧೯೩೫-೩೬ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಇದ್ದುದು ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದಿರಬಹುದು. ೧೯೭೦ರ ದಶಕದಲ್ಲಿ ಅಮೆರಿಕದ ಹಳ್ಳಿಗಾಡಿನ ಸಂಗೀತಕ್ಕೆ ಹತ್ತಿರವಾದ ಮೃದುವಾದ ಪ್ರೇಮಗೀತಗಳಿಂದ ಈಕೆ ಮನೆಮಾತಾದಳು.

೧೯೭೮ರ ‘ಗ್ರೀಸ್’ ಚಲಚ್ಚಿತ್ರವು ಈ ಲೇಖನದ ವಿಷಯವನ್ನೇ ಕಥೆಯಾಗಿ ಮಾಡಿಕೊಂಡಿತು. ಸ್ಯಾಂಡಿ ಎಂಬ ಸುಶೀಲೆಯಾದ ಹುಡುಗಿ ಕೊನೆಯ ದೃಶ್ಯದಲ್ಲಿ ಮೈಗೆ ಅಂಟಿದ ಕಪ್ಪು ಉಡುಪನ್ನು ತೊಟ್ಟು ಪ್ರಗಲ್ಭೆಯಾಗಿ ಬರುವಳು. ನಾಯಕನ ಮೆಚ್ಚುಗೆಗಾಗಿ ಹುಡುಗಿಯು ತನ್ನನ್ನು ಬದಲಾಯಿಸಿಕೊಳ್ಳಬೇಕಾಯಿತೆಂದು ಈ ದೃಶ್ಯವನ್ನು ಹಲವರು ಖಂಡಿಸಿರುವರು. ಖಂಡನೆಯು ನ್ಯಾಯವಾದುದೇ, ಆದರೆ ಅದೇ ದೃಶ್ಯದಲ್ಲಿ ನಾಯಕನೂ ಅವಳಿಗಾಗಿ ಕ್ರೀಡಾಪಟುವಿನ ಸಭ್ಯವಾದ ಅಂಗಿಯನ್ನು ತೊಟ್ಟು ಬಂದಿರುವನೆಂಬುದನ್ನೂ ಹೇಳತಕ್ಕುದು. ಅವನು ಅಂಗಿಯನ್ನು ಕ್ಷಣದಲ್ಲಿ ಕಳಚಿಬಿಡುವನು. ಅವಳ ವೇಷ ಮಾತ್ರ ನಿಲ್ಲುವುದು. ಪುರುಷನಿಗೆ ಬದಲಾವಣೆಯು ಒಂದು ಅಂಗಿ, ಸ್ತ್ರೀಗೆ ಒಂದು ಜನ್ಮ ಎಂಬ ಲೋಕರೂಢಿಯು ಇಲ್ಲಿ ಅನಾಯಾಸವಾಗಿ ವ್ಯಕ್ತವಾಗಿದೆ.

೧೯೮೧ರಲ್ಲಿ ಬಂದ ‘ಫಿಜಿಕಲ್’ ಎಂಬ ಹಾಡಿನಲ್ಲಿ ಸ್ತ್ರೀಯೇ ಪುರುಷನನ್ನು ಸಂಗಕ್ಕೆ ಕರೆಯುವಳು. ಗಂಡುಗಾಯಕನನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದ ಈ ಹಾಡನ್ನು ಧ್ವನಿಮುದ್ರಿಸಿದ ಬಳಿಕ, ಇದು ಅತಿಯಾಯಿತೇನೋ ಎಂದು ಒಲಿವಿಯಾ ಅಳುಕಿದಳು. ಅಮೆರಿಕದ ಕೆಲವು ರೇಡಿಯೋ ನಿಲಯಗಳು ಅದನ್ನು ನಿಷೇಧಿಸಿದುವು. ಹಾಗಿದ್ದರೂ ಅದು ಅಲ್ಲಿನ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಹತ್ತು ವಾರಗಳ ಕಾಲ ಮೊದಲನೆಯ ಸ್ಥಾನದಲ್ಲಿ ನಿಂತಿತು. ಹಾಡಿಗಾಗಿ ತೆಗೆದ ಚಿತ್ರವು ವ್ಯಾಯಾಮಶಾಲೆಯಲ್ಲಿ ನಡೆಯುವುದು. ಸ್ಥೂಲಕಾಯರಾದ ಪುರುಷರಿಗೆ ಆಕೆ ಅಂಗಸಾಧನೆ ಮಾಡಿಸುವಳು. ಶೃಂಗಾರದ ಕಾವನ್ನು ಹಾಸ್ಯದ ನೀರಿನಿಂದ ತಣಿಸಿದ ಈ ಉಪಾಯವು ಮಧ್ಯೆಯ ಲಕ್ಷಣಕ್ಕೆ ಸರಿಯಾಗಿ ಹೊಂದುವುದು. ಲಜ್ಜೆಯೂ ಮದನನೂ ತಕ್ಕಡಿಯ ಎರಡು ತಟ್ಟೆಗಳಲ್ಲಿ ಸಮನಾಗಿ ತೂಗುತ್ತಿವೆ. ಆಕೆಗೆ ಆಗ ಮೂವತ್ತಮೂರು ವರ್ಷ. ಅರ್ಥವನ್ನು ಬಲ್ಲಳು, ಅಳುಕನ್ನೂ ಬಲ್ಲಳು, ಎರಡನ್ನೂ ಬಲ್ಲವಳಾಗಿ ತಾನೇ ನಿರ್ಧರಿಸಿದಳು. ೨೦೨೨ರಲ್ಲಿ ಆಕೆ ತೀರಿಕೊಂಡಾಗ ಜನರು ಈ ಹಾಡನ್ನು ವಾತ್ಸಲ್ಯದಿಂದಲೇ ನೆನೆದುದು ಆಶ್ಚರ್ಯವಲ್ಲ.

೫

೧೯೯೦ರ ದಶಕದ ಮೊದಲಲ್ಲಿ ಅಮೆರಿಕದ ‘ಮಿಕಿ ಮೌಸ್ ಕ್ಲಬ್’ ಎಂಬ ಮಕ್ಕಳ ದೂರದರ್ಶನ ಕಾರ್ಯಕ್ರಮದಲ್ಲಿ ಜೊತೆಯಾಗಿ ಹಾಡಿ ಕುಣಿದ ಇಬ್ಬರು ಬಾಲಕಿಯರು ಬ್ರಿಟ್ನಿ ಸ್ಪಿಯರ್ಸ್ ಮತ್ತು ಕ್ರಿಸ್ಟಿನಾ ಆಗಿಲೆರಾ. ಒಂದೇ ಪಾಠಶಾಲೆಯಿಂದ ಹೊರಟ ಇವರ ದಾರಿಗಳನ್ನು ಹೋಲಿಸುವುದು ಬೋಧಪ್ರದವಾಗಿದೆ.

ಬ್ರಿಟ್ನಿಯು ೧೯೯೮ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಮೊದಲನೆಯ ಹಾಡಿನಿಂದಲೇ ಜಗತ್ಪ್ರಸಿದ್ಧಳಾದಳು. ಅದರ ಚಿತ್ರದಲ್ಲಿ ಆಕೆ ಶಾಲೆಯ ಸಮವಸ್ತ್ರವನ್ನು ತೊಟ್ಟಿರುವಳು. ಶಾಲೆಯ ಸನ್ನಿವೇಶವು ಆಕೆಯದೇ ಸಲಹೆ. ಆ ಸಮವಸ್ತ್ರವು ಮುಗ್ಧತೆಯ ಚಿಹ್ನೆಯೋ ಉದ್ದೀಪನವಿಭಾವವೋ ಎಂಬುದನ್ನು ಬೇಕೆಂದೇ ಅಸ್ಪಷ್ಟವಾಗಿ ಬಿಟ್ಟಿರುವುದರಲ್ಲಿಯೇ ಅದರ ಆಕರ್ಷಣೆಯಿದ್ದಿತು. ೨೦೦೧ರಲ್ಲಿ ಎಂಟಿವಿ ಪ್ರಶಸ್ತಿಸಭೆಯಲ್ಲಿ ಆಕೆ ಹೆಬ್ಬಾವನ್ನು ಹೆಗಲ ಮೇಲೆ ಹೊತ್ತು ಕುಣಿದಳು. ಮುಗ್ಧೆಯು ಪ್ರಗಲ್ಭೆಯಾದಳೆಂದು ಲೋಕವು ಒಪ್ಪಿಕೊಂಡಿತು.

ಮುಂದಿನದು ವಿಮರ್ಶಕರೆಲ್ಲರೂ ನೆನಪಿಡಬೇಕಾದ ಸಂಗತಿ. ೨೦೦೮ರಲ್ಲಿ ನ್ಯಾಯಾಲಯವು ಆಕೆಯನ್ನು ಪೋಷಕತ್ವಕ್ಕೆ ಒಳಪಡಿಸಿತು. ಆಕೆಯ ಹಣ, ಚಿಕಿತ್ಸೆ, ದಿನಚರಿಗಳ ಅಧಿಕಾರವು ತಂದೆಯೇ ಮೊದಲಾದ ಇತರರ ಕೈಯಲ್ಲಿ ಹದಿಮೂರು ವರ್ಷಗಳಿಗೂ ಮೇಲ್ಪಟ್ಟು ಇದ್ದು, ೨೦೨೧ರ ನವೆಂಬರಿನಲ್ಲಿ ಕೊನೆಗೊಂಡಿತು. ಇದೇ ಅವಧಿಯಲ್ಲಿ, ೨೦೧೧ರಲ್ಲಿ, ಹೊರಬಂದ ಆಕೆಯ ಹಾಡುಗಳ ಸಂಪುಟದ ಹೆಸರು ‘ಫೆಮ್ ಫತಾಲ್’. ಗಂಡಸರನ್ನು ಮೋಹಿಸಿ ಕೆಡಿಸುವ ಪ್ರಬಲೆ ಎಂದು ಅದರ ಅರ್ಥ. ರಂಗದ ಮೇಲೆ ಪ್ರಬಲೆ, ಕಾನೂನಿನ ದೃಷ್ಟಿಯಲ್ಲಿ ಪರಾಧೀನೆ! ತನ್ನ ದೇಹದ ಬಗ್ಗೆ ತೀರ್ಮಾನಿಸುವ ಸ್ವಾತಂತ್ರ್ಯವೂ ತನಗಿಲ್ಲವೆಂದು ಆಕೆ ೨೦೨೧ರ ಜೂನಿನಲ್ಲಿ ನ್ಯಾಯಾಲಯದ ಮುಂದೆ ಹೇಳಿದಾಗ, ಎಷ್ಟೋ ವರ್ಷಗಳಿಂದ ಆಕೆಯ ಪ್ರಾಗಲ್ಭ್ಯವನ್ನು ಹಳಿಯುತ್ತಿದ್ದವರೂ ಹೊಗಳುತ್ತಿದ್ದವರೂ ಒಟ್ಟಿಗೆ ಮೌನವಾದರು. ಅಂಜಿಕೆಯಿಲ್ಲದಿರುವುದು ಪ್ರಾಗಲ್ಭ್ಯವಾದರೆ, ಇಲ್ಲಿ ಪ್ರಾಗಲ್ಭ್ಯವು ಎಲ್ಲಿತ್ತು? ಅದು ತೊಡಿಸಿದ ವೇಷವಾಗಿತ್ತು, ಅಯತ್ನಜಾಲಂಕಾರವಾಗಿರಲಿಲ್ಲ.

ಕ್ರಿಸ್ಟಿನಾಳಾದರೋ ೨೦೦೨ರಲ್ಲಿ ‘ಸ್ಟ್ರಿಪ್ಡ್’ ಎಂಬ ಸಂಪುಟವನ್ನು ಹೊರಡಿಸಿ, ಹಿಂದಿನ ಸೌಮ್ಯರೂಪವನ್ನು ಒಮ್ಮೆಗೇ ಕಳಚಿದಳು. ಅದರ ಮೊದಲನೆಯ ಹಾಡು ‘ಡರ್ಟಿ’ಗಾಗಿ ಆಕೆ ತೊಟ್ಟ ಉಡುಪನ್ನು ಪತ್ರಿಕೆಗಳು ಬಹಳವಾಗಿ ಹಾಸ್ಯಮಾಡಿದುವು. ಆದರೆ ಆ ಸಂಪುಟದ ಬಹುಪಾಲು ಹಾಡುಗಳ ರಚನೆಯಲ್ಲಿ ಆಕೆಯ ಕೈಯಿದೆ. ಗಂಡಸಿಗೆ ಕೀರ್ತಿಯಾಗುವುದು ಹೆಂಗಸಿಗೆ ಅಪಕೀರ್ತಿಯಾಗುವುದೇಕೆ ಎಂದು ಕೇಳುವ ಹಾಡೂ ಅದರಲ್ಲಿದೆ. ಲಿಂಡಾ ಪೆರಿ ಎಂಬಾಕೆ ಬರೆದ ‘ಬ್ಯೂಟಿಫುಲ್’ ಎಂಬ ಶಾಂತವಾದ ಹಾಡೂ ಅದೇ ಸಂಪುಟದ್ದು. ಅದಕ್ಕೆ ೨೦೦೪ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಿತು. ಉಡುಪನ್ನು ಹಾಸ್ಯಮಾಡಿದವರು ಕಂಠವನ್ನು ಕೇಳಲಿಲ್ಲ. ಔಚಿತ್ಯದೃಷ್ಟಿಯಿಂದ ‘ಡರ್ಟಿ’ಯ ಅತಿರೇಕವನ್ನು ಆಕ್ಷೇಪಿಸಬಹುದು, ಈ ಲೇಖಕನಿಗೂ ಅದು ರುಚಿಸುವುದಿಲ್ಲ. ಆದರೆ ಅದು ಕರ್ತೃವಿನ ಅತಿರೇಕ, ಗೊಂಬೆಯ ಅತಿರೇಕವಲ್ಲ.

೬

ಮೈಲಿ ಸೈರಸ್‌ಳ ನಿದರ್ಶನದಿಂದ ಮತ್ತೊಂದು ಶಾಸ್ತ್ರಾಂಶವು ಹೊರಪಡುವುದು. ೨೦೦೬ರಿಂದ ೨೦೧೧ರವರೆಗೆ ಡಿಸ್ನಿ ವಾಹಿನಿಯಲ್ಲಿ ಪ್ರಸಾರವಾದ ‘ಹ್ಯಾನಾ ಮೊಂಟಾನಾ’ ಎಂಬ ಧಾರಾವಾಹಿಯಲ್ಲಿ, ಸಾಮಾನ್ಯ ಹುಡುಗಿಯೊಬ್ಬಳು ಬಣ್ಣದ ಕೃತಕ ಕೂದಲನ್ನು ಧರಿಸಿ ಗುಟ್ಟಾಗಿ ಪ್ರಸಿದ್ಧ ಗಾಯಕಿಯಾಗಿ ಬಾಳುವಳು. ಪಾತ್ರದ ಹೆಸರೂ ಮೈಲಿಯೇ. ಪಾತ್ರದ ತಂದೆಯಾಗಿ ನಟಿಸಿದವನು ಆಕೆಯ ನಿಜವಾದ ತಂದೆಯೇ. ನಟಿಗೂ ಪಾತ್ರಕ್ಕೂ ನಡುವೆ ಇರಬೇಕಾದ ತೆರೆಯನ್ನು ಪ್ರಯತ್ನಪೂರ್ವಕವಾಗಿ ಹರಿದುಹಾಕಲಾಗಿತ್ತು.

೨೦೧೩ರ ಆಗಸ್ಟ್ ೨೫ರಂದು ಎಂಟಿವಿ ಸಭೆಯಲ್ಲಿ ಆಕೆ ಮಾಡಿದ ನೃತ್ಯವು ಜಗತ್ತಿನಲ್ಲೆಲ್ಲ ಗದ್ದಲವನ್ನೆಬ್ಬಿಸಿತು. ಅದನ್ನು ಕುರಿತು ಬಂದ ಟೀಕೆಗಳಲ್ಲಿ ಎರಡು ಗಣನೀಯವಾದುವು. ಕರಿಯ ಜನಾಂಗದವರ ನೃತ್ಯವೊಂದನ್ನು ಎರವಲು ತಂದು, ಆ ಜನಾಂಗದ ನರ್ತಕಿಯರನ್ನು ಅಲಂಕಾರವಸ್ತುಗಳಂತೆ ಸುತ್ತಲೂ ನಿಲ್ಲಿಸಿಕೊಂಡು, ತನ್ನ ಪ್ರಾಯವನ್ನು ಸಾರಿಕೊಂಡಳೆಂಬುದು ಒಂದು. ಇದು ನ್ಯಾಯವಾದ ಆಕ್ಷೇಪಣೆ. ಒಬ್ಬಳ ಪ್ರಾಗಲ್ಭ್ಯಕ್ಕೆ ಇನ್ನೊಬ್ಬರು ಉಪಕರಣವಾಗುವುದು ಅನೌಚಿತ್ಯವೇ. ಐರ್ಲೆಂಡಿನ ಗಾಯಕಿ ಶಿನೇಡ್ ಓಕಾನರ್ ಅದೇ ಅಕ್ಟೋಬರಿನಲ್ಲಿ ಬರೆದ ಬಹಿರಂಗ ಪತ್ರವು ಇನ್ನೊಂದು. ಸಂಗೀತದ ವ್ಯಾಪಾರಿಗಳು ನಿನ್ನನ್ನು ಬಳಸಿ ಬಿಸಾಡುವರೆಂಬ ಎಚ್ಚರಿಕೆಯು ಅದರ ಸಾರ. ಮೈಲಿಯು ಅದನ್ನು ಒಪ್ಪಲಿಲ್ಲ. ಹತ್ತು ವರ್ಷಗಳ ಬಳಿಕ ೨೦೨೩ರಲ್ಲಿ ‘ಫ್ಲವರ್ಸ್’ ಎಂಬ ಹಾಡನ್ನು ಹಾಡಿ, ೨೦೨೪ರಲ್ಲಿ ಮೊದಲ ಬಾರಿಗೆ ಗ್ರ್ಯಾಮಿ ಪ್ರಶಸ್ತಿಗಳನ್ನು ಪಡೆದಳು. ಎಚ್ಚರಿಕೆಯು ಈಕೆಯ ವಿಷಯದಲ್ಲಿ ನಿಜವಾಗಲಿಲ್ಲವೆಂದಮಾತ್ರಕ್ಕೆ ಅದು ವ್ಯರ್ಥವೆಂದಲ್ಲ; ಬ್ರಿಟ್ನಿಯ ವಿಷಯದಲ್ಲಿ ಅದು ನಿಜವೇ ಆಗಿತ್ತು.

ರಸವು ನಟನಲ್ಲಿಲ್ಲ, ಸಹೃದಯನಲ್ಲಿದೆಯೆಂಬುದು ಅಭಿನವಗುಪ್ತನ ಸಿದ್ಧಾಂತ. ಶಕುಂತಲೆಯ ಪಾತ್ರವನ್ನು ವಹಿಸಿದವಳು ಮರುದಿನ ವಸಂತಸೇನೆಯಾದರೆ ಯಾರೂ ವಂಚನೆಯೆನ್ನುವುದಿಲ್ಲ. ಪಾಪ್ ಸಂಗೀತದಲ್ಲಾದರೋ ಪಾತ್ರಕ್ಕೆ ಬೇರೆ ಹೆಸರಿಲ್ಲ. ಗಾಯಕಿಯ ಹೆಸರೇ ಪಾತ್ರದ ಹೆಸರು. ಮುಗ್ಧೆಯ ಪಾತ್ರವನ್ನು ಆಕೆಯ ಸ್ವಭಾವವೆಂದೇ ಮಾರಿದಮೇಲೆ, ಆಕೆ ಬೆಳೆದರೆ ಗ್ರಾಹಕನಿಗೆ ಮೋಸವಾದಂತೆ ತೋರುವುದು. ಪತನವೆಂಬ ಕೂಗಿನ ಮೂಲವು ನೀತಿಯಲ್ಲಿರುವುದಕ್ಕಿಂತ ಹೆಚ್ಚಾಗಿ ಈ ಭ್ರಾಂತಿಯಲ್ಲಿದೆ.

ಮೂರನೆಯ ಪಕ್ಷದವರ ‘ವ್ಯಾಪಾರ’ವೆಂಬ ಮಾತಿಗೂ ಇಲ್ಲಿಯೇ ಉತ್ತರವಿದೆ. ಧನಕ್ಕಾಗಿ ಅನುರಾಗವನ್ನು ತೋರುವುದು ಸಾಮಾನ್ಯೆಯ ಲಕ್ಷಣ. ಆದರೆ ಮುಗ್ಧೆಯ ರೂಪವೂ ಮಾರಾಟದ ಸರಕೇ ಆಗಿತ್ತಲ್ಲವೆ? ಸೌಮ್ಯವಾದುದು ಸಹಜ, ಉದ್ದೀಪಕವಾದುದು ವ್ಯಾಪಾರ ಎಂಬ ವಿಭಾಗವು ನಿಲ್ಲುವುದಿಲ್ಲ. ಎರಡು ರೂಪಗಳಿಂದಲೂ ಲಾಭ ಪಡೆದವರು ಧ್ವನಿಮುದ್ರಣ ಸಂಸ್ಥೆಯವರು. ಸಾಮಾನ್ಯೆಯ ಲಕ್ಷಣವು ಯಾರಿಗಾದರೂ ಸಲ್ಲುವುದಾದರೆ ಅವರಿಗೆ ಸಲ್ಲತಕ್ಕುದು. ನಿಂದೆಯು ಮಾತ್ರ ಹಾಡುವವಳಿಗೆ. ೨೦೦೪ರ ಫೆಬ್ರವರಿ ೧ರಂದು ಹ್ಯೂಸ್ಟನ್ನಿನ ಕ್ರೀಡಾಂಗಣದಲ್ಲಿ ಜಾನೆಟ್ ಜಾಕ್ಸನ್‌ಳ ಮೇಲುಡುಪನ್ನು ಸಹಗಾಯಕ ಜಸ್ಟಿನ್ ಟಿಂಬರ್‌ಲೇಕ್ ಎಳೆದಾಗ ಆಕೆಯ ಎದೆಯು ಕಂಡಿತು. ಒಂದು ವಾರದ ಬಳಿಕ ಆತನು ಗ್ರ್ಯಾಮಿ ಸಭೆಯಲ್ಲಿ ಪ್ರಶಸ್ತಿ ಪಡೆದನು. ಆಕೆ ಆ ಸಭೆಯಲ್ಲಿರಲಿಲ್ಲ. ಎಳೆದ ಕೈಯದು ಅಲ್ಪದೋಷ, ಕಂಡ ದೇಹದ್ದು ಮಹಾಪರಾಧ ಎಂಬ ಈ ನ್ಯಾಯವನ್ನು ಯಾವ ಧರ್ಮಶಾಸ್ತ್ರದಿಂದಲೂ ಸಮರ್ಥಿಸಲಾಗದು.

೭

ಇದೆಲ್ಲ ಪರದೇಶದ ಮಾತೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ೧೮ನೆಯ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿಯ ‘ರಾಧಿಕಾಸಾಂತ್ವನ’ವೆಂಬ ತೆಲುಗು ಶೃಂಗಾರಕಾವ್ಯವನ್ನು ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು ೧೯೧೦ರಲ್ಲಿ ಪರಿಷ್ಕರಿಸಿ ಪ್ರಕಟಿಸಿದರು. ಹೆಂಗಸಿನ ಬಾಯಲ್ಲಿ ಬರತಕ್ಕ ಮಾತುಗಳಲ್ಲವೆಂದು ವೀರೇಶಲಿಂಗಂ ಪಂತುಲು ಅವರು ಈ ಕವಯಿತ್ರಿಯನ್ನು ಆಕ್ಷೇಪಿಸಿದ್ದರು. ನಾಚಿಕೆಯೆಂಬುದು ಹೆಂಗಸರಿಗೆ ಮಾತ್ರ ಸಲ್ಲುವುದೇ, ಗಂಡಸರಿಗಿಲ್ಲವೇ ಎಂಬುದು ನಾಗರತ್ನಮ್ಮನವರ ಪ್ರಶ್ನೆಯ ತಾತ್ಪರ್ಯ. ಸರಕಾರವು ಪುಸ್ತಕವನ್ನು ನಿಷೇಧಿಸಿತು. ನಿಷೇಧವು ೧೯೪೭ರಲ್ಲಿ ತೆಗೆಯಲ್ಪಟ್ಟಿತು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಯನ್ನು ಉದ್ಧರಿಸಿದ ಭಕ್ತೆಯೆಂದು ನಾವು ನಾಗರತ್ನಮ್ಮನವರನ್ನು ಇಂದು ಸ್ಮರಿಸುತ್ತೇವೆ. ಮುದ್ದುಪಳನಿಯ ಪರವಾಗಿ ವಾದಿಸಿದ ಪಂಡಿತೆಯೆಂದು ಸ್ಮರಿಸುವವರು ಕಡಮೆ. ಅಲ್ಲಿ ಮುಗ್ಧೆಯು ಪ್ರಗಲ್ಭೆಯಾದಳೆಂದು ಗದ್ದಲ. ಇಲ್ಲಿ ಪ್ರಗಲ್ಭೆಯನ್ನು ಮರಳಿ ಮುಗ್ಧೆಯ ಚೌಕಟ್ಟಿನೊಳಗೆ ಕೂರಿಸುವ ಪ್ರಯತ್ನ. ದಿಕ್ಕು ಬೇರೆಯಾದರೂ ಎರಡರಲ್ಲಿಯೂ ಕಾಣುವ ಅಂಜಿಕೆ ಒಂದೇ, ಮತ್ತು ಅದು ಸ್ತ್ರೀಯ ಅಂಜಿಕೆಯಲ್ಲ, ನೋಡುವವರದು.

ಇಲ್ಲಿಯವರೆಗಿನ ವಿಚಾರದಿಂದ ಫಲಿಸಿದುದನ್ನು ಸಂಗ್ರಹಿಸಿ ಹೇಳಬಹುದು. ಗಾಯಕಿಯೊಬ್ಬಳ ರೂಪಾಂತರವನ್ನು ವಿಮರ್ಶಿಸುವವನು ಮೊದಲು ಮೂರು ಸಂಗತಿಗಳನ್ನು ಪರಿಶೀಲಿಸತಕ್ಕುದು: ತಾನು ಹಾಡುವ ಮಾತಿನ ಅರ್ಥವನ್ನು ಆಕೆ ಬಲ್ಲಳೇ, ಆ ಮಾತನ್ನು ಆರಿಸಿದವಳು ಆಕೆಯೇ, ಒಲ್ಲೆನೆಂದು ಹೇಳುವ ಅಧಿಕಾರವು ಆಕೆಗಿತ್ತೇ. ಮೂರಕ್ಕೂ ಹೌದೆಂಬ ಉತ್ತರ ಬಂದಮೇಲೆ ಹಾಡನ್ನು ಹಾಡಾಗಿ ಪರೀಕ್ಷಿಸಬಹುದು. ಅನೌಚಿತ್ಯವಿದ್ದರೆ ನಿರ್ದಾಕ್ಷಿಣ್ಯವಾಗಿ ಹೇಳಬಹುದು. ಇಲ್ಲವೆಂಬ ಉತ್ತರ ಬಂದಲ್ಲಿ ಗಾಯಕಿಯನ್ನು ಹಳಿಯುವುದೂ ಹೊಗಳುವುದೂ ಸಮಾನವಾದ ಅನ್ಯಾಯ. ಫ್ರಾನ್ಸ್ ಗಾಲ್‌ಗೆ ಅರ್ಥ ತಿಳಿದಿರಲಿಲ್ಲ. ಬ್ರಿಟ್ನಿಗೆ ಅರ್ಥ ತಿಳಿದಿತ್ತು, ಅಧಿಕಾರವಿರಲಿಲ್ಲ. ಇಬ್ಬರನ್ನೂ ಲೋಕವು ಅವರ ಉಡುಪಿನಿಂದಲೂ ಹಾಡಿನಿಂದಲೂ ಅಳೆಯಿತು. ನಮ್ಮ ತರಗತಿಗಳಲ್ಲಿ ಕುಳಿತಿರುವ ಹುಡುಗಿಯರು ಈ ಹಾಡುಗಳನ್ನೂ ಕೇಳುತ್ತಾರೆ, ಈ ತೀರ್ಪುಗಳನ್ನೂ ಕೇಳುತ್ತಾರೆ. ನಾಯಿಕಾಭೇದದ ಪಾಠವನ್ನು ಮುಂದೆ ಹೇಳುವಾಗ, ಪ್ರಗಲ್ಭೆಯೂ ಸ್ವೀಯೆಯೇ ಎಂಬ ಧನಂಜಯನ ಮಾತನ್ನು ಅಧ್ಯಾಪಕರು ಸ್ವಲ್ಪ ನಿಂತು ವಿವರಿಸಿದರೆ, ಶಾಸ್ತ್ರದ ಒಂದು ಸಾಲಾದರೂ ಅವರಿಗೆ ಪರೀಕ್ಷೆಯಾಚೆಗೂ ಉಪಯೋಗಕ್ಕೆ ಬಂದೀತು.